ಎನಿಡ್ ಟ್ರೆಸಿಡರ್ ಮತ್ತು ಉಣ್ಣೆಯ ಉಗ್ರಾಣ

ಎನಿಡ್ ಟ್ರೆಸಿಡರ್ ಹಳೆಯ ಕಟ್ಟಡವೊಂದನ್ನು ಹೊಕ್ಕರೆ ಮೊದಲು ಕಣ್ಣು ಮುಚ್ಚಿ ಮೂಸುತ್ತಿದ್ದರು. ತೇವ ಎಲ್ಲಿಂದ ಬರುತ್ತಿದೆ, ಯಾವ ಕಂಬದ ಬುಡ ಕೊಳೆಯುತ್ತಿದೆ ಎಂಬುದು ವಾಸ್ತುಶಿಲ್ಪಿಯಾದ ಅವರಿಗೆ ನಕ್ಷೆಗಿಂತ ಮೊದಲು ಮೂಗಿನಿಂದಲೇ ತಿಳಿಯುತ್ತಿತ್ತು. ಆಮೇಲೆ ಬೂಟು ಕಳಚಿ ಕೈಯಲ್ಲಿ ಹಿಡಿದು, ಬರಿಯ ಕಾಲುಚೀಲದಲ್ಲಿ, ಮಗು ಮಲಗಿರುವ ಕೋಣೆಯಲ್ಲಿ ಓಡಾಡುವವರಂತೆ ಹೆಜ್ಜೆಯಿಡುತ್ತಿದ್ದರು. ಅವರ ಹಸಿರು ಕೋಟಿನ ಎಡಭುಜದ ಮೇಲೆ ಸದಾ ಒಂದು ಜಿಡ್ಡಿನ ಕಲೆ ಇರುತ್ತಿತ್ತು. ಕಂಬಕ್ಕೆ ಒರಗದೆ ಅವರಿಗೆ ಮಾತು ಪೂರ್ಣವಾಗುತ್ತಿರಲಿಲ್ಲ.

ಆ ಜಿಡ್ಡು ನಮ್ಮ ಪೋರ್ಟ್ ಅಡಿಲೇಡಿನ ಉಣ್ಣೆಯ ಉಗ್ರಾಣದ್ದು. ಕೆಂಪು ಇಟ್ಟಿಗೆಯ ಆ ಕಟ್ಟಡದ ಮೇಲಿನ ಮಹಡಿಗೆ ಗರಗಸದ ಹಲ್ಲಿನಂತಹ ಛಾವಣಿ; ಅದರ ಗಾಜೆಲ್ಲ ದಕ್ಷಿಣಕ್ಕೆ ಮುಖ ಮಾಡಿದೆ. ಭೂಮಿಯ ದಕ್ಷಿಣಾರ್ಧದ ನಮ್ಮಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಬಿಸಿಲು ನೇರವಾಗಿ ಬೀಳದೆ, ಹಾಲಿನಂತಹ ಸಮನಾದ ಬೆಳಕು ಇಳಿಯುವ ಆ ನೆಲದ ಮೇಲೆ ವ್ಯಾಪಾರಿಗಳು ಉಣ್ಣೆಯನ್ನು ಎಳೆದು, ಹಿಂಜಿ, ಬೆಲೆ ಕಟ್ಟುತ್ತಿದ್ದರು. ತಲೆಮಾರುಗಳ ಕಾಲ ಉಣ್ಣೆಯ ಕೊಬ್ಬನ್ನು ಕುಡಿದ ಹಲಗೆಗಳು ಕನ್ನಡಿಯಷ್ಟು ನುಣುಪು. ಮಾರಾಟದ ಋತು ಮುಗಿದ ಮೇಲೆ ಊರಿಗೆ ಊರೇ ಅಲ್ಲಿ ಕುಣಿಯುತ್ತಿತ್ತು. ಉಗ್ರಾಣದಲ್ಲಿ ಚಹಾ ಹಂಚುತ್ತಿದ್ದ ಲೋರ್ನಾ ಹೆನ್‌ಷ್ಕೆ ತಮ್ಮ ಗಂಡನನ್ನು ಮೊದಲು ಕಂಡದ್ದು ಅಲ್ಲಿಯೇ, ಅವನು ಜಾರಿ ಬಿದ್ದಾಗ.

ಉಣ್ಣೆಯ ವ್ಯಾಪಾರ ಬೇರೆಡೆಗೆ ಹೋಯಿತು. ಕಟ್ಟಡವನ್ನು ಕೊಳ್ಳಬಂದವರು ಬೀದಿಯ ಕಡೆಯ ಗೋಡೆಯೊಂದನ್ನು ನಿಲ್ಲಿಸಿಕೊಂಡು, ಹಿಂದಿನದೆಲ್ಲವನ್ನೂ ಕೆಡವಿ ಮನೆಗಳನ್ನು ಕಟ್ಟುತ್ತೇವೆಂದರು. ಎನಿಡ್ ನಗರಸಭೆಯಲ್ಲಿ ಎದ್ದು ನಿಂತು, "ಮುಖದ ಚರ್ಮ ಇಟ್ಕೊಂಡು ಮನುಷ್ಯನ್ನ ಬಿಸಾಕ್ತಾರಂತೆ" ಎಂದು ಅಷ್ಟೇ ಹೇಳಿ ಕುಳಿತರು. ಅಂದಿನಿಂದ ಪ್ರತಿ ಶನಿವಾರ ಊರಿನವರು ಅಲ್ಲಿ ಸೇರಿ ಕಿಟಕಿ ಸರಿಮಾಡುವುದು, ಗಾಜು ಒರೆಸುವುದು ನಡೆಯಿತು. ಪಾಠ ಹೇಳಿ ನಿವೃತ್ತನಾಗಿದ್ದ ನಾನೂ ಹೋಗುತ್ತಿದ್ದೆ. ಒಮ್ಮೆ ನಮ್ಮ ರಾನ್ ಪೆನ್ರೋಸ್, ಪಾಪ, ಸದುದ್ದೇಶದಿಂದಲೇ ಬಿಸಿನೀರು, ಬಟ್ಟೆ ಒಗೆಯುವ ಸೋಡಾ ಹಾಕಿ ನೆಲದ ಒಂದು ಮೂಲೆಯನ್ನು ಉಜ್ಜಿಬಿಟ್ಟ. ಜಿಡ್ಡು ಹೋಗಿ ಹಲಗೆ ಬಿಳಚಿಕೊಂಡಿತು. ಎನಿಡ್ ಅದನ್ನು ನೋಡಿ, "ರಾನ್, ಇವತ್ತು ನಿಂಗೂ ನಿನ್ನ ಬಕೆಟ್‌ಗೂ ರಜ" ಎಂದರು. ಮುಂದಿನ ವಾರ ಯಾವುದೋ ಕುರಿಗಾವಲಿನಿಂದ ಜಿಡ್ಡು ತುಂಬಿದ, ತೊಳೆಯದ ಉಣ್ಣೆಯನ್ನು ತರಿಸಿ, ನಮ್ಮೆಲ್ಲರ ಕಾಲಿಗೂ ಕಟ್ಟಿಸಿ, ಆ ಮೂಲೆಯಲ್ಲಿ ಜಾರಾಡಿಸಿದರು. ಯಾರೋ ಅಕಾರ್ಡಿಯನ್ ತಂದರು. ಊರಿನ ಕುಣಿತ ಮತ್ತೆ ಆರಂಭವಾದದ್ದು ಹಾಗೆ.

ಕೊನೆಗೆ ನಗರಸಭೆ ಕಟ್ಟಡವನ್ನು ಇಡಿಯಾಗಿ ಉಳಿಸಲು ಒಪ್ಪಿತು, ಆದರೆ ಒಂದು ಷರತ್ತಿನ ಮೇಲೆ: ಮೆಟ್ಟಿಲು ಹತ್ತಲಾರದವರಿಗಾಗಿ ಲಿಫ್ಟ್ ಇರಬೇಕು, ಇಲ್ಲದಿದ್ದರೆ ಕೊಳ್ಳುವವರ ಯೋಜನೆಗೇ ಅನುಮತಿ. ಉಣ್ಣೆಯ ಮೂಟೆಗಳನ್ನು ಎತ್ತುತ್ತಿದ್ದ ಮೇಲಿನ ನೆಲದ ಹಳೆಯ ಕಿಂಡಿ ಲಿಫ್ಟಿಗೆ ತೀರ ಕಿರಿದು. ಅದನ್ನು ಅಗಲಿಸಬೇಕಾದರೆ ಪಕ್ಕದ ನೆಲವನ್ನು ಕೊಯ್ಯಬೇಕು, ಅದೂ ಬೆಳಕು ಅತ್ಯಂತ ಚೆನ್ನಾಗಿ ಇಳಿಯುವ, ಎಲ್ಲಕ್ಕಿಂತ ನುಣುಪಾದ ಭಾಗವನ್ನು. ಒಂದು ಹಲಗೆಯನ್ನೂ ಕೊಯ್ಯಗೊಡುವುದಿಲ್ಲವೆಂದು ಎನಿಡ್ ಊರಿಗೆಲ್ಲ ಮಾತು ಕೊಟ್ಟಿದ್ದರು. ಅವರು ಉತ್ತರ ಹೇಳದೆ ವಾರಗಳನ್ನು ದೂಡಿದರು. ಕಂಬಗಳಿಗೆ ಒರಗುವುದನ್ನೂ ಬಿಟ್ಟಿದ್ದರೆಂದು ನನ್ನ ನೆನಪು.

ಆ ದಿನಗಳ ಒಂದು ಶನಿವಾರ ಮೇಲೆ ಕುಣಿತ ನಡೆದಿತ್ತು. ಮೊಣಕಾಲು ಹಿಡಿದುಹೋಗಿದ್ದ ಲೋರ್ನಾ ಎಂದಿನಂತೆ ಕೆಳಗೇ ಕುಳಿತು ಚಹಾ ಬಗ್ಗಿಸುತ್ತಿದ್ದರು. ಎನಿಡ್ ಬಟ್ಟಲಿಗೆ ಕೈಚಾಚಿದಾಗ ಅವರು ತಲೆಯೆತ್ತದೆ ಹೇಳಿದರು: "ಚೆನ್ನಾಗಿ ಉಳಿಸಿದೀಯ ಕಣೇ ಎನಿಡ್. ನಾನು ಕುಣಿದ ನೆಲ ಈಗ ನನ್ನ ತಲೆ ಮೇಲಿದೆ."

ಎನಿಡ್ ಚಹಾ ಕುಡಿಯಲಿಲ್ಲ.

ಮುಂದಿನ ವಾರ ಎಂಜಿನಿಯರನ್ನು ಕರೆಸಿ, ಮಂಡಿಯೂರಿ ಕುಳಿತು, ಕೊಯ್ಯಬೇಕಾದ ಜಾಗಕ್ಕೆ ಸೀಮೆಸುಣ್ಣದಿಂದ ತಾವೇ ಗೆರೆ ಎಳೆದರು. ಅವರ ಮನಸ್ಸು ಬಲ್ಲ ಎಂಜಿನಿಯರು, ಇದಕ್ಕಿಂತ ಸಣ್ಣದಾದರೂ ಸಾಕಾಗುತ್ತದೆ ಎಂದು ಮೆತ್ತಗೆ ಹೇಳಿದ. ಎನಿಡ್ ಗೆರೆಯನ್ನು ಒರೆಸಿ ಇನ್ನೂ ಆಚೆಗೆ ಎಳೆದರು. "ಸಾಕಾಗಲ್ಲ. ಲೋರ್ನಾ ಬರೀ ಕೈಲಿ ಬರೋಳಲ್ಲ, ಚಹಾದ ಗಾಡೀನೂ ತಳ್ಕೊಂಡು ಬರ್ತಾಳೆ."

ಹಾಗೆಯೇ ಬಂದರು. ಲಿಫ್ಟಿನ ಬಾಗಿಲು ತೆರೆದಾಗ ಲೋರ್ನಾ ಗಾಡಿಯನ್ನು ಹಿಡಿದು ಸ್ವಲ್ಪ ಹೊತ್ತು ಮೇಲಿನ ಗಾಜನ್ನೇ ನೋಡುತ್ತ ನಿಂತರು. ಬಳಿಕ, ದಾರಿ ಬಿಡಿ, ಚಹಾ ಆರುತ್ತದೆ ಎಂದು ನಮ್ಮೆಲ್ಲರನ್ನೂ ಗದರಿದರು.

ಎನಿಡ್‌ರಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ನಾವು ಹಟಮಾರಿಗಳೆನ್ನುತ್ತೇವೆ, ಹಳತಿನ ಹುಚ್ಚರೆನ್ನುತ್ತೇವೆ. ಕಟ್ಟಡವನ್ನು ಕೆಡವುವವನಿಗೂ ಕೊಯ್ಯುವುದು ಗೊತ್ತು. ಆದರೆ ಕೊಯ್ದದ್ದರ ನೋವು ಗೊತ್ತಿರುವುದು ಇವರಿಗೆ ಮಾತ್ರ. ಆ ನೋವನ್ನು ನುಂಗಿಕೊಂಡು ಇನ್ನೊಬ್ಬರಿಗೆ ದಾರಿ ಮಾಡಿಕೊಡಬಲ್ಲವರ ಕೈಯಲ್ಲಿ ಮಾತ್ರ, ನನಗೆ ತೋರುವಂತೆ, ಹಳೆಯದೊಂದು ವಸ್ತು ಜನರದಾಗಿ ಉಳಿಯುತ್ತದೆ.