ಬಡಗಿಯ ಮೂಳೆ, ಅಕ್ಕನ ಬಾಗಿಲು

ಮರಗಳಿಗೆ ಮಾತು ಬರುತ್ತಿದ್ದ ಕಾಲದ್ದಲ್ಲ, ಮೊನ್ನೆ ಮೊನ್ನೆಯ ಕಥೆ ಇದು. ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ತಬ್ಬಲಿಯಾದ ಅವನನ್ನು ಹೊಲಿಗೆ ಯಂತ್ರ ತುಳಿದು ಸಾಕಿದವಳು ಅವನ ಅಕ್ಕ. ಅವಳ ಅಂಗಡಿಯ ಬಾಗಿಲು ಗೆದ್ದಲು ತಿಂದು ಜೋಲುತ್ತಿತ್ತು. "ಹೊಸದನ್ನ ನಾನೇ ಮಾಡಿ, ನಾನೇ ಕೂರಿಸ್ತೀನಿ" ಎಂದು ಬಡಗಿ ಮಾತು ಕೊಟ್ಟ.

ಕೊಟ್ಟ ವಾರದಲ್ಲೇ, ಚೌಕಟ್ಟಿನ ಅಳತೆ ತೆಗೆಯುವಾಗ, ಮೊಣಕಾಲೆತ್ತರದ ಸ್ಟೂಲಿನಿಂದ ಜಾರಿ ಮಣಿಕಟ್ಟು ಮುರಿದುಕೊಂಡ.

"ಇಷ್ಟೆತ್ತರದಿಂದ ಬಿದ್ದು ನಲವತ್ತೈದರ ಗಂಡಸಿನ ಮೂಳೆ ಮುರೀಬಾರದಲ್ಲ" ಎಂದರು ಡಾಕ್ಟರಮ್ಮ. ಪಟ್ಟು ಹಿಡಿದು ರಕ್ತ ಪರೀಕ್ಷೆ, ಮೂಳೆಯ ಸ್ಕ್ಯಾನ್ ಮಾಡಿಸಿದರು. ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನು ಅವನ ಮೈಯಲ್ಲಿ ತಳ ಕಂಡಿತ್ತು; ಅದಿಲ್ಲದೆ ಮೂಳೆಗಳು ಒಳಗೊಳಗೇ ಸವೆದಿದ್ದವು. ಹಾರ್ಮೋನಿನ ಚುಚ್ಚುಮದ್ದು ಶುರುವಾಯಿತು, ಜೊತೆಗೆ ಕ್ಯಾಲ್ಸಿಯಂ ಮಾತ್ರೆ.

ಬಡಗಿಗೆ ನಾಚಿಕೆ. ಹಲ್ಲುನೋವಿಗೆ ಇಂಜೆಕ್ಷನ್ ಎಂದು ಅಕ್ಕನಿಗೆ ಸುಳ್ಳು ಹೇಳಿದ.

"ಹಲ್ಲಿನ ಸೂಜೀನ ಸೊಂಟಕ್ಕೆ ಚುಚ್ಚೋ ಡಾಕ್ಟ್ರನ್ನ ನಾನಂತೂ ಕಂಡಿಲ್ಲ ರೀ" ಎಂದಳು ಅವನ ಹೆಂಡತಿ. ಅಕ್ಕನಿಗೆ ನಿಜ ತಿಳಿಸಿದವಳೂ ಅವಳೇ.

ಆರೇಳು ತಿಂಗಳಲ್ಲಿ ಕೈಗೆ ಕಸುವು ಬಂತು, ಉಜ್ಜುಗೊರಡು ಮತ್ತೆ ಹಾಡಿತು, ಬಾಗಿಲು ಸಿದ್ಧವಾಯಿತು. ಕೂರಿಸುವ ಬೆಳಿಗ್ಗೆ, ಅಕ್ಕ, ಭಾವ, ಹೆಂಡತಿ ಅಂಗಡಿಯ ಮುಂದೆ ನಿಂತಿರುವಾಗಲೇ, ಗಾಡಿಯಲ್ಲಿದ್ದ ಬಾಗಿಲನ್ನು ಬಡಗಿ ಒಬ್ಬನೇ ಎತ್ತಲು ಬಗ್ಗಿದ.

"ಕೈ ತೆಗಿಯೋ" ಎಂದಳು ಅಕ್ಕ.

"ನಂಗೇನಾಗಿದೆ ಅಕ್ಕ? ಆನೆ ಬಲ ಬಂದಿದೆ."

"ಆನೆ ತೋಳಿಗೆ ಬಂದಿರಬೋದು. ಮೂಳೆಗೆ ಬಂತಾ? ಮತ್ತೆ ಯಾವಾಗ ಸ್ಕ್ಯಾನು?"

ಅಕ್ಕನಿಗೆ ಗೊತ್ತಾಗಿದೆ. ಬಡಗಿಯ ಕಿವಿ ಬಿಸಿಯಾಯಿತು. "ಇನ್ನೂ ಆರು ತಿಂಗಳಿದೆ. ಮೂಳೆ ನಿಧಾನಕ್ಕೆ ತುಂಬುತ್ತಂತೆ."

"ನಿನ್ನ ಮೊದಲನೇ ಬೆಂಚಿನ ಮೇಲೆ, ಅಂಟು ಒಣಗೋ ಮುಂಚೆ ಕೂತು ನೆಲ ಕಂಡವಳು ನಾನು. ಪಾಲಿಶ್ ನೋಡಿ ಮೋಸ ಹೋದ್ಯಲ್ಲ ಅಂತ ಆವತ್ತು ನೀನೇ ನಂಗೆ ಬೈದೆ. ಈಗ ನೀನು ಮಾಡ್ತಿರೋದೇನು?"

ಬಡಗಿ ಬಾಗಿಲಿನಿಂದ ಕೈ ತೆಗೆದ. ಸಾವಿರ ಕೀಲುಗಳಿಗೆ ಅಂಟು ಹಾಕಿ, ಒಣಗುವವರೆಗೆ ಯಾರನ್ನೂ ಮುಟ್ಟಗೊಡದೆ ಕಾದವನು ಅವನು. ಸ್ವಂತ ಮೈಯ ವಿಷಯಕ್ಕೆ ಬಂದಾಗ ಹೊಳಪನ್ನೇ ಗಟ್ಟಿತನ ಅಂದುಕೊಂಡಿದ್ದ.

"ನಾನೇ ಕೂರಿಸ್ತೀನಿ ಅಂತ ಮಾತು ಕೊಟ್ಟಿದ್ನಲ್ಲಕ್ಕ."

"ಕೂರಿಸೋನು ನೀನೇ, ಹೊರೋರು ನಾವು. ನನ್ನ ಸೂಜಿಗೆ ದಾರ ಪೋಣಿಸೋಳು ನಿನ್ನ ಹೆಂಡ್ತಿ. ಹಾಗಂತ ಅಂಗಿ ಹೊಲಿದೋಳು ಅವಳಾದ್ಲಾ?"

"ಹೊಲಿದೋಳು ನಾನೇ ಅಂತಾಗ್ಲಿ ಬಿಡಿ ಅತ್ತಿಗೆ, ನಂಗೇನೂ ಬೇಜಾರಿಲ್ಲ" ಎಂದಳು ಹೆಂಡತಿ, ಸೆರಗು ಸಿಕ್ಕಿಸುತ್ತ.

ಅಕ್ಕ, ಭಾವ, ಹೆಂಡತಿ ಮೂವರೂ ಉಸಿರು ಬಿಗಿಹಿಡಿದು ಬಾಗಿಲನ್ನು ಎತ್ತಿ ಚೌಕಟ್ಟಿಗೆ ಹಿಡಿದರು. ಬಡಗಿ ಕೆಳಗೆ ಬೆಣೆ ಕೊಟ್ಟು, ನೇರ ನೋಡಿ, ಒಂದೊಂದೇ ತಿರುಪನ್ನು ಬಿಗಿದ. ಸಣ್ಣ ಪೆಟ್ಟನ್ನು ಸಣ್ಣದೆಂದು ಕಡೆಗಣಿಸದ ಡಾಕ್ಟರಮ್ಮ, ಗುಟ್ಟು ರಟ್ಟು ಮಾಡಿದ ಹೆಂಡತಿ, ಬೈದು ಕಾಪಾಡಿದ ಅಕ್ಕ: ಎಷ್ಟು ಜನ ತನ್ನನ್ನು ಹೀಗೆ ಎತ್ತಿ ಹಿಡಿದಿದ್ದಾರೆ ಎನಿಸಿ ಅವನ ಕಣ್ಣು ಮಂಜಾಯಿತು.

"ಬೇಗ ಕಣೋ, ಕೈ ಬೀಳ್ತಿದೆ" ಎಂದ ಭಾವ.

ಬಡಗಿ ತೋಳಿನಿಂದ ಕಣ್ಣೊರೆಸಿಕೊಂಡು ಕೊನೆಯ ತಿರುಪನ್ನು ಕೂರಿಸಿದ. ಮೂವರೂ ಕೈಬಿಟ್ಟರು. ಅವನು ಬೆಣೆ ತೆಗೆದು, ಒಂದೇ ಬೆರಳಿನಿಂದ ತಳ್ಳಿದ. ಬಾಗಿಲು ಸದ್ದಿಲ್ಲದೆ ಹೋಗಿ ಚೌಕಟ್ಟಿನಲ್ಲಿ ಕೂತಿತು.