ಮೈಲಿ ಪುಸ್ತಕ

ಕಾದ ಇಂಜಿನ್ ತಣಿಯುವ ಟಿಕ್ ಟಿಕ್ ಸದ್ದು ಕಿಟಕಿಯ ಕೆಳಗಿನಿಂದ ಬರುತ್ತಿತ್ತು. ಹನ್ನೆರಡು ಹೊಡೆದಿತ್ತು. ರಮಾಮಣಿ ರೇಷ್ಮೆ ಸೀರೆಯನ್ನೂ ಬದಲಿಸದೆ ಬ್ಯಾಟರಿ ಹಿಡಿದು ಕೆಳಗಿಳಿದು, ಕಾರಿನ ಮೀಟರು ನೋಡಿಕೊಂಡು ಬಂದಳು. ನಲವತ್ತೊಂದು ಮೈಲಿ.

ಗಂಡ ಡಾಕ್ಟರ್ ನಂಜುಂಡಯ್ಯ ಮುಲುಂಡಿನಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ಹಳೆಯ ಮಾರಿಸ್ ಕಾರನ್ನು ಸಾಲ ಮಾಡಿ ಕೊಂಡಾಗ ತೆರಿಗೆ ಲೆಕ್ಕದ ಸಿದ್ದಲಿಂಗಪ್ಪ ಹೇಳಿದ್ದ: "ರೋಗಿ ನೋಡಾಕ ಓಡಿದ್ರ ಪೆಟ್ರೋಲು, ಸವಕಳಿ ಎಲ್ಲಾ ಖರ್ಚಿಗೆ ಹಿಡೀತಾರ. ಮದುವಿ ಮುಂಜಿಗೆ ಓಡಿದ್ರ ಇಲ್ಲ. ಎಲ್ಲಾ ಬರದಿಡ್ರಿ ಅಕ್ಕಾರ. ಒಂದು ಗೆರಿ ಹೊಡದು ತಿದ್ದಿದ್ರೂ ತೆರಿಗಿ ಸಾಹೇಬ ಪುಸ್ತಕಾನ ನಂಬಂಗಿಲ್ಲ."

ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಹೋಗಿದ್ದು ಗ್ರಾಂಟ್ ರೋಡಿಗೆ, ಅವಳ ತಂಗಿಯ ಮಗಳ ಆರತಕ್ಷತೆಗೆ. ದಾರಿಯಲ್ಲಿ ಬೈಕುಲ್ಲಾ ಸಿಕ್ಕಿತ್ತು. ಅಲ್ಲಿ ಹೋಟೆಲಿನ ಕಾಂತಪ್ಪ ಇದ್ದ, ಎದೆನೋವಿನ ಹಳೆಯ ರೋಗಿ. ರಮಾಮಣಿ ಮೈಲಿ ಪುಸ್ತಕ ತೆರೆದು ಶಾಯಿಯಲ್ಲಿ ದುಂಡಗೆ ಬರೆದಳು: ಬೈಕುಲ್ಲಾ, ಕಾಂತಪ್ಪ, ರಾತ್ರಿ ಒಂಬತ್ತು, ಮನೆ ಭೇಟಿ.

ಬೆಳಿಗ್ಗೆ ಸುದ್ದಿ ಬಂತು. ಕಾಂತಪ್ಪ ರಾತ್ರಿ ಒಂಬತ್ತೂವರೆಗೆ ತೀರಿಕೊಂಡಿದ್ದ. ಅವಳು ಪೆನ್ನು ಹಿಡಿದು ಆ ಸಾಲಿನ ಮುಂದೆ ಬಹಳ ಹೊತ್ತು ಕೂತಳು. ಗೆರೆ ಹೊಡೆಯಲಿಲ್ಲ. ವರ್ಷದ ಕೊನೆಗೆ ಗಂಡ ಓದದೆಯೇ ಸಹಿ ಹಾಕಿದರು. ಪುಸ್ತಕ ತೆರಿಗೆ ಆಫೀಸಿಗೆ ಹೋಯಿತು.

ಆಷಾಢದಲ್ಲಿ ಕಾಂತಪ್ಪನ ಹೆಂಡತಿ ಅಕ್ಕು ಒದ್ದೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತಳು. ರಮಾಮಣಿ ಒಳಗೆ ಕರೆದು ಕಾಫಿ ಕೊಟ್ಟಳು.

"ಆ ರಾತ್ರಿ ಹತ್ತಿರದ ಡಾಕ್ಟ್ರನ್ನು ಕರೀತೇನೆ ಅಂದ್ರೆ ಇವ್ರು ಕೇಳ್ಲಿಲ್ಲ ಅಮ್ಮ. ಕನ್ನಡದಲ್ಲಿ ನೋವು ಕೇಳುವ ಡಾಕ್ಟ್ರೇ ಬೇಕು ಅಂತ ಹಟ. ನಮ್ಮ ಅಡುಗೆಯ ಸೀನಜ್ಜ ಲೋಕಲ್ ಹತ್ತಿ ಬಂದ್ರು. ನಿಮ್ಮ ಮನೆಗೆ ಬೀಗ. ಈಗ ಮೈದುನಂದಿರು, ನಾನು ಯಾರನ್ನೂ ಕಳಿಸ್ಲೇ ಇಲ್ಲ, ಸಾಯ್ಲಿ ಅಂತ ಬಿಟ್ಟೆ ಅಂತಾರೆ. ಹೋಟ್ಲಿನ ಮೆಟ್ಟಿಲು ಹತ್ಲಿಕ್ಕೆ ಬಿಡುದಿಲ್ಲ."

"ಸೀನ ಹೇಳಲಿಲ್ಲವೇ?"

"ಅವ್ರು ನನ್ನ ಊರಿನವ್ರಲ್ವ, ನಿನ್ನ ಪರವಾಗಿ ಅಲ್ದೆ ಮತ್ತೆಂತ ಹೇಳ್ತಾನೆ ಮುದುಕ ಅಂತ ನಗಾಡ್ತಾರೆ. ಆ ರಾತ್ರಿ ಮನೆಗೆ ಬೀಗ ಇತ್ತು ಅಂತ ಡಾಕ್ಟ್ರು ಒಂದು ಕಾಗದ ಕೊಟ್ರೆ ಸಾಕು. ಬೀಗ ನಿಜ ಆದ್ರೆ ಸೀನಜ್ಜ ಬಂದದ್ದೂ ನಿಜ ಆಯ್ತಲ್ಲ. ಹೋಟ್ಲಿನ ಕೇಸಲ್ಲಿ ನಮ್ಮ ವಕೀಲ್ರು ಕೋರ್ಟಿಗೆ ಕೊಡ್ತಾರಂತೆ."

ಕೋರ್ಟಿನಲ್ಲಿ ಆರತಕ್ಷತೆಗೆ ಹೋಗಿದ್ದೆನೆಂಬ ಕಾಗದ, ತೆರಿಗೆ ಆಫೀಸಿನಲ್ಲಿ ಒಂಬತ್ತಕ್ಕೆ ಕಾಂತಪ್ಪನನ್ನು ನೋಡಿದೆನೆಂಬ ಪುಸ್ತಕ. ಎರಡರಲ್ಲೂ ಗಂಡನ ಸಹಿ. ರಮಾಮಣಿ ಕಾಫಿ ಲೋಟವನ್ನು ಅಕ್ಕುವಿನತ್ತ ಸರಿಸಿದಳು.

"ಎಷ್ಟೋ ತಿಂಗಳಾಯಿತು. ನನಗೆ ಜ್ಞಾಪಕವಿಲ್ಲಮ್ಮ."

ಅಕ್ಕುವಿನ ಮುಖದಲ್ಲಿ ಸಣ್ಣ ಆಸೆ ಮೂಡಿತು. "ಕಾರು ಓಡಿದ್ದೆಲ್ಲ ನೀವು ಬರೆದಿಡ್ತೀರಂತಲ್ಲ? ಡಾಕ್ಟ್ರ ಹೆಂಡ್ತಿ ಫರ್ಲಾಂಗು ಬಿಡುದಿಲ್ಲ ಅಂತ ಇವ್ರು ತಮಾಷೆ ಮಾಡ್ತಿದ್ರು. ಆ ಪುಸ್ತಕ ನೋಡ್ಬಹುದಲ್ಲ ಅಮ್ಮ?"

"ಪುಸ್ತಕ ಇಲ್ಲಿಲ್ಲ."

ಅಕ್ಕು ಕಾಫಿ ಅರ್ಧದಲ್ಲೇ ಬಿಟ್ಟು ಎದ್ದಳು. "ಡಾಕ್ಟ್ರಿಗೆ ಹೇಳಿ. ಅವ್ರಿಗೆ ನೆನಪಿರ್ಬಹುದು."

ಅವರಿಗೆ ನೆನಪಿತ್ತು. ಕೇಳಿದರೆ ಆ ಕ್ಷಣವೇ ಕಾಗದ ಬರೆದುಕೊಡುವ ಮನುಷ್ಯ ಎಂಬುದೂ ರಮಾಮಣಿಗೆ ಗೊತ್ತಿತ್ತು.

ರಾತ್ರಿ ನಂಜುಂಡಯ್ಯ ಕೊಡೆಯಿಂದ ಇಳಿದ ನೀರಿನ ಗುರುತು ನೋಡಿ ಕೇಳಿದರು, "ಯಾರು ಬಂದಿದ್ದರು?"

ಅವಳು ಅಕ್ಕು ಬಿಟ್ಟುಹೋದ ಲೋಟ ತೊಳೆಯುತ್ತಿದ್ದಳು. ಈ ಮಾತು ಅವರಿಗೂ ಬೇಡ, ಯಾರಿಗೂ ಬೇಡ ಎಂದು ಅಲ್ಲೇ ನಿಶ್ಚಯಿಸಿದಳು.

"ಯಾರೂ ಇಲ್ಲ," ಎಂದಳು. "ಎಷ್ಟು ಮೈಲಿ ಆಯ್ತು ಇವತ್ತು?"