ಅಪ್ಪನ ಮೊಣಕೈ

ಲಿಂಗ ಜಾರಿತು.

ಪ್ಲಾಸ್ಟರಿನ ಅಂಚಿನಿಂದ ಉರುಳಿದ್ದು, ಪುಣ್ಯಕ್ಕೆ ನೆಲಕ್ಕೆ ಬೀಳದೆ ರಾಮಲಿಂಗಪ್ಪನವರ ಧೋತರದ ಮಡಿಲಲ್ಲಿ ಬಿತ್ತು. ಅಷ್ಟಕ್ಕೇ ಮುದುಕರ ಮುಖ ಬಿಳಿಚಿಕೊಂಡಿತು. ಬಲಗೈಯಿಂದ ಅದನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು, "ತಪ್ಪಾತು ನನ್ನಪ್ಪಾ, ತಪ್ಪಾತು" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಂಗಾ ತನಗರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬಂದಳು.

"ಅಲ್ಲೇ ನಿಂದ್ರು!"

ಮಗಳು ಅಲ್ಲೇ ನಿಂತಳು.

ಕೊರಳಿಗೆ ಕಟ್ಟಿಕೊಂಡ ಇಷ್ಟಲಿಂಗ ನೆಲಕ್ಕೆ ಬಿದ್ದರೆ ಕಟ್ಟಿಕೊಂಡವನು ಪ್ರಾಣ ಇಟ್ಟುಕೊಳ್ಳಬಾರದು ಎಂದು ಆ ಮನೆತನದ ಹಿರಿಯರು ಹೇಳುತ್ತ ಬಂದಿದ್ದರು. ಹಾಗೆ ಪ್ರಾಣ ಬಿಟ್ಟವರನ್ನು ಯಾರೂ ಕಂಡಿರಲಿಲ್ಲ, ಆ ಮಾತು ಬೇರೆ. ಆದರೆ ರಾಮಲಿಂಗಪ್ಪನವರ ಹಟ ಬಲ್ಲವರು ಅವರ ವಿಷಯದಲ್ಲಿ ಪಂಥ ಕಟ್ಟುವಂತಿರಲಿಲ್ಲ. ಅವರು ಲಿಂಗವನ್ನು ಬೆಳ್ಳಿಯ ಕರಡಿಗೆಯೊಳಗೆ ಇಟ್ಟು, ಮುಚ್ಚಳ ಒತ್ತಿ, ಕೊರಳಿಗೆ ಹಾಕಿಕೊಂಡರು. ಪೂಜೆ ಆಗಲಿಲ್ಲ. ಪೂಜೆ ಆಗದೆ ಆ ಬಾಯಿಗೆ ಅನ್ನ ಹೋದದ್ದನ್ನು ತುಂಗಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಇದೇ ನಿನ್ನೆಯೂ ಆಗಿತ್ತು.

ಎಲ್ಲ ಆ ಕೂಲರಿನಿಂದ. ನಾಗಪುರದ ಮೇ ತಿಂಗಳಲ್ಲಿ ಕೂಲರ್ ಇಲ್ಲದಿದ್ದರೆ ಮನುಷ್ಯ ಹಪ್ಪಳವಾಗುತ್ತಾನೆ. ಆ ತಗಡಿನ ಡಬ್ಬಿಗೋ ಬಕೆಟ್ ಬಕೆಟ್ ನೀರು ಬೇಕು. ತುಂಗಾ ಆಸ್ಪತ್ರೆಯ ಡ್ಯೂಟಿಗೆ ಹೋಗುವ ಮೊದಲು ತುಂಬಿಟ್ಟೇ ಹೋಗುತ್ತಿದ್ದಳು. ಅವಳು ತುಂಬಿದ ನೀರಿನ ಗಾಳಿಯಾದರೂ ನನಗೇಕೆ ಎಂದು ಮೊನ್ನೆ ಅಪ್ಪ ತಾವೇ ಬಕೆಟ್ ಎತ್ತಿದರು. ಹಿತ್ತಲಿನ ಪಾಚಿ ಯಾರ ಹಟವನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಎಡಗೈ ಮುಂಗೈಯಲ್ಲಿ ಮುರಿಯಿತು. ಬಲಗೈ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಲಿಂಗ ಕೂರುವುದು ಎಡ ಅಂಗೈಯ ಮೇಲೆ. ಅಂಗೈಯ ಅರ್ಧ ಪ್ಲಾಸ್ಟರಿನೊಳಗೆ, ಉಳಿದರ್ಧ ಬಾತುಕೊಂಡಿತ್ತು. ಎತ್ತಿ ಹಿಡಿದರೆ ತೋಳು ಗಡಗಡ ನಡುಗುತ್ತಿತ್ತು.

ಈ ಮನೆಯಲ್ಲಿ ಎರಡು ವರ್ಷದಿಂದ ಎರಡು ಸ್ಟೋವು, ಎರಡು ನೀರಿನ ಕೊಡ. ಅದಕ್ಕೂ ಕಾರಣವಿತ್ತು. ತಾಯಿ ಜಯವ್ವ ಸತ್ತದ್ದು ತುಂಗಾ ನರ್ಸಾಗಿದ್ದ ಮಿಷನ್ ಆಸ್ಪತ್ರೆಯಲ್ಲಿ. ಹೆಣಕ್ಕೆ ನೀರು ಹಾಕುವಾಗ ಜೊತೆಯ ನರ್ಸ್ ಲೀಲಾ, ಬದುಕಿದವರೊಡನೆ ಆಡುವಂತೆ, "ಜಯಾಬಾಯಿ, ಈಗ ಬೆನ್ನು ತೊಳೀತೀನಿ ಹಾಂ, ನೀರು ಬೆಚ್ಚಗಿದೆ" ಎಂದು ಮರಾಠಿಯಲ್ಲಿ ಮಾತಾಡುತ್ತಿದ್ದಳು. ಸತ್ತವರ ಕೂಡ ಏನು ಮಾತು ಎಂದು ತುಂಗಾ ಕೇಳಿದಳು. "ಅವರ ಪಕ್ಕದಲ್ಲಿ ಒಬ್ಬ ನಿಂತಿದ್ದಾನಲ್ಲ, ಅವನು ಕೇಳಿಸಿಕೊಳ್ತಾನೆ" ಎಂದಳು ಲೀಲಾ, ಸಹಜವಾಗಿ, ಸೋಪು ಕೊಡು ಎನ್ನುವ ಹಾಗೆ. ತುಂಗಾಳನ್ನು ಆ ಮಾತು ಬಿಡಲಿಲ್ಲ. ಮುಂದಿನ ಆದಿತ್ಯವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು. ಕೂತವಳು ಮತ್ತೆ ಏಳಲಿಲ್ಲ ಎನ್ನಬೇಕು.

ದೀಕ್ಷಾಸ್ನಾನದ ಹಿಂದಿನ ದಿನ ಕದ್ದು ಮುಚ್ಚಿ ಮಾಡದೆ, ತನ್ನ ಕೊರಳ ಲಿಂಗವನ್ನು ತೆಗೆದು ತಂದೆಯ ಮುಂದಿಟ್ಟಳು. ರಾಮಲಿಂಗಪ್ಪನವರು ಕೂಗಾಡಲಿಲ್ಲ. ಲಿಂಗವನ್ನು ಜಯವ್ವನ ಟ್ರಂಕಿನಲ್ಲಿಟ್ಟು ಬಂದು, "ಲಿಂಗ ಬಿಟ್ಟಾಕಿ ಭವಿ. ಭವಿ ಕೈಯಾಗಿಂದು ನಾ ಉಣ್ಣಂಗಿಲ್ಲ" ಎಂದರು. ಮನೆಯಿಂದ ಹೊರಗೆ ಹಾಕಿದ್ದರೆ ಒಂದು ರೀತಿಯಲ್ಲಿ ಹಗುರಾಗುತ್ತಿತ್ತು, ಅದನ್ನೂ ಮಾಡಲಿಲ್ಲ. ಪೇಟೆಗೆ ಹೋಗಿ ಸ್ಟೋವು ತಂದರು. ಗದಗ ಬಿಟ್ಟು ಬಂದು, ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿ ರಿಟೈರಾಗಿ, ಲಕ್ಷ್ಮೀ ನಗರದ ಈ ಮನೆಯಲ್ಲಿ ಒಂದು ಲೋಟ ನೀರೂ ತಾವಾಗಿ ತೆಗೆದುಕೊಂಡು ಕುಡಿಯದ ಮನುಷ್ಯ ಎಪ್ಪತ್ತರ ವಯಸ್ಸಿನಲ್ಲಿ ಜೋಳದ ರೊಟ್ಟಿ ಬಡಿಯಲು ಕೂತರು. ರೊಟ್ಟಿ ಸೀಳಿತು. ಮರುದಿನವೂ ಸೀಳಿತು. ತುಂಗಾ ಹೊರಕೋಣೆಯಿಂದ ಗೋಡೆಗೆ ಹೇಳುವಂತೆ, "ಹಿಟ್ಟಿಗೆ ಕುದಿಯೋ ನೀರು ಹಾಕಬೇಕು" ಎಂದಳು. ಅಪ್ಪನಿಗೆ ಕೇಳಿಸಲಿಲ್ಲ. ಆದರೆ ಮರುದಿನ ಸ್ಟೋವಿನ ಮೇಲೆ ನೀರು ಕುದಿಯಿತು.

ಅವಳ ಪ್ರಾರ್ಥನೆ ಮಾತ್ರ ಅವರಿಗೆ ತಡೆಯಲಾಗುತ್ತಿರಲಿಲ್ಲ. ಅವಳು ಊಟದ ತಟ್ಟೆಯ ಮುಂದೆ ಕಣ್ಣು ಮುಚ್ಚಿದಳೋ, ಒಳಗೆ ಅವರಿಗೆ ಪಾತ್ರೆ ತೊಳೆಯುವುದು ನೆನಪಾಗುತ್ತಿತ್ತು. ಬೋಗುಣಿಗೆ ಸೌಟು, ಸೌಟಿಗೆ ತಾಟು. ಏನು ಗದ್ದಲ! ಕಡೆಗೆ ತುಂಗಾ ಮನೆಯಲ್ಲಿ ಕಣ್ಣು ಮುಚ್ಚುವುದನ್ನೇ ಬಿಟ್ಟಳು. ಕಣ್ಣು ತೆರೆದೇ, ತುತ್ತು ಕಲಸುತ್ತಲೇ ಒಳಗೊಳಗೆ ಎರಡು ಮಾತು ಹೇಳಿ ಮುಗಿಸುತ್ತಿದ್ದಳು. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ದೇವರ ಹೆಸರು ಹೇಳಲು ಅವಳಿಗೆ ಬಹಳ ನೋವಾಗುತ್ತಿತ್ತು.

ಸಂಜೆ ತಮ್ಮ ಕಾಶೀನಾಥ ಬಂದ. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಅವನ ಕೆಲಸ. ಹೆಂಡತಿ ದಮಯಂತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅವನು ಇನ್ನಿಬ್ಬರ ಜೊತೆ ಒಂದೇ ಕೋಣೆಯಲ್ಲಿದ್ದು ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದ. ಅಪ್ಪನನ್ನು ಕರೆದೊಯ್ಯುವಂತಿರಲಿಲ್ಲ.

"ಕಾಶಿ, ನಾಳೆ ಮುಂಜಾನೆ ತನಕ ಇರು" ಎಂದರು ರಾಮಲಿಂಗಪ್ಪನವರು. ಧ್ವನಿ ಸಣ್ಣಗಾಗಿತ್ತು. "ಪೂಜಾದಾಗ ಈ ಕೈ ಹಿಡಕೊಂಡು ಕುಂದ್ರು. ಅಷ್ಟು ಸಾಕು."

"ಬೆಳಗಿನ ಶಿಫ್ಟ್ ಐತ್ರಿ ಅಪ್ಪಾ. ಜಲ್ದಿ ಹೋಗಬೇಕು."

ತುಂಗಾ ತಮ್ಮನ ಕೊರಳು ನೋಡಿದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಒಳಗೆ ಚಿನ್ನದ ಸರ ಮಾತ್ರ ಇತ್ತು. ಬಾಯ್ಲರ್ ಹತ್ತಿರ ಸೆಕೆ ಎಂದು ಅವನು ಲಿಂಗವನ್ನು ಕಪಾಟಿನಲ್ಲಿಟ್ಟು ಕಾಲವಾಗಿತ್ತು. ಅವಳಿಗೆ ಅದು ದಮಯಂತಿಯಿಂದ ಗೊತ್ತು. ಪೂಜೆಗೆ ಕೂತರೆ ಅಂಗಿ ತೆಗೆಯಬೇಕು. ಅಕ್ಕ ನೋಡಿದ್ದನ್ನು ಕಂಡು ಕಾಶೀನಾಥ ಗುಂಡಿ ಹಾಕಿಕೊಂಡ.  ತುಂಗಾಳ ನಾಲಿಗೆಯ ತುದಿಗೆ ಮಾತು ಬಂದಿತ್ತು, ನುಂಗಿಕೊಂಡಳು.

ಅವನು ಅವಳನ್ನು ಅಡುಗೆಮನೆಗೆ ಕರೆದು, ತಾಯಿಯ ಟ್ರಂಕಿನಿಂದ ತೆಗೆದಿದ್ದ ಅವಳ ಹಳೆಯ ಕರಡಿಗೆಯನ್ನು ಕಟ್ಟೆಯ ಮೇಲಿಟ್ಟ.

"ದೇಖೋ ಅಕ್ಕಾ, ಪ್ಲಾಸ್ಟರ್ ಬಿಚ್ಚೋತನಕದ ಮಾತು. ಕೊರಳಾಗ ಹಾಕ್ಕೋ, ಸೆರಗು ಹೊದ್ದುಕೋ. ರೊಟ್ಟಿ ಮಾಡಿ ಹಾಕು, ಪೂಜಾಕ್ಕ ಕೈ ಹಿಡಿ. ಆದಿತ್ಯವಾರ ಚರ್ಚಿಗೆ ಹೋಗಾಕ ಯಾರು ಬ್ಯಾಡಂತಾರ? ಮನಸಿನ್ಯಾಗ ಏನೈತಿ ಅಂತ ಯಾರು ನೋಡ್ತಾರ?"

"ಯಾರೂ ನೋಡೂದಿಲ್ಲೇನು?"

"ಏ, ಪ್ರವಚನ ಬ್ಯಾಡ. ಅಪ್ಪ ಸತ್ತಗಿತ್ತಾನು. ನಿನ್ನ ಯೇಸು ಹೆತ್ತಪ್ಪನ್ನ ಉಪವಾಸ ಕೆಡವು ಅಂತ ಹೇಳ್ಯಾನೇನು?"

 ಆ ಪ್ರಶ್ನೆಯನ್ನು ತುಂಗಾಳೇ ಬೆಳಗಿನಿಂದ ಕೇಳಿಕೊಳ್ಳುತ್ತಿದ್ದಳು. ತಲೆ ಎತ್ತಿದರೆ ಬಾಗಿಲಲ್ಲಿ ಅಪ್ಪ. ಗೋಡೆ ಹಿಡಿದು ಎದ್ದು ಬಂದಿದ್ದರು. ಕಟ್ಟೆಯ ಮೇಲಿನ ಕರಡಿಗೆಯನ್ನು ನೋಡಿದರು, ಅವಳನ್ನು ನೋಡಿದರು.

"ಕಟ್ಟಿಕೋ ತುಂಗೀ" ಎಂದರು. ಎರಡು ವರ್ಷದಲ್ಲಿ ಅವಳ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. "ಹಿಂದಿಂದು ನಾ ಏನೂ ಕೇಳೂದಿಲ್ಲ."

 ಆ ಮುಖದಲ್ಲಿ ಹಸಿವಿತ್ತು, ಹಸಿವಿಗಿಂತ ಹೆಚ್ಚಾಗಿ ಆಸೆ ಇತ್ತು. ಕೈ ಚಾಚಿ ಅದನ್ನೆತ್ತಿಕೊಂಡರೆ ಇವತ್ತೇ ಇಬ್ಬರೂ ಮತ್ತೆ ಅಪ್ಪ-ಮಗಳಾಗಿಬಿಡಬಹುದು. ಅವಳ ಕೈ ನಿಜವಾಗಿ ಮುಂದೆ ಹೋಯಿತು. ಕಟ್ಟೆಯ ಅಂಚು ಹಿಡಿದು ನಿಂತುಬಿಟ್ಟಿತು.

"ಅಪ್ಪಾ, ನಾ ಕಟ್ಟಿಕೊಂಡ್ರ ಸುಳ್ಳಾಗ್ತೈತ್ರಿ. ನೀವು ಲಿಂಗಕ್ಕ ಇಷ್ಟು ಅಂಜಿ ನಡಿಯೋರು. ಅದನ್ನ ಸುಳ್ಳಿಗೆ ಹೆಂಗ ಕಟ್ಟಿಕೊಳ್ಳಲಿ? ಅತ್ತ ನನ್ನ ದೇವರಿಗೂ ಏನು ಮುಖ ತೋರಿಸಲಿ?"

 ಕೂಲರ್ ಗರಗರ ಎನ್ನುತ್ತಿತ್ತು.

"ಬಿಡು ಕಾಶಿ" ಎಂದರು ಕಡೆಗೆ ರಾಮಲಿಂಗಪ್ಪನವರು. "ಭವಿ ಕೂಡ ಏನು ಮಾತು." ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಕಾಶೀನಾಥ "ಕಲ್ಲಿನೆದಿ ನಿಂದು" ಎಂದು ಬೈದು ಬಸ್ಸಿಗೆ ಹೋದ. ತುಂಗಾ ಕರಡಿಗೆಯನ್ನು ಸೆರಗಿನಲ್ಲಿ ಒರೆಸಿ ಟ್ರಂಕಿನಲ್ಲಿಟ್ಟಳು. ಅವಳೂ ಅಂದು ಉಣ್ಣಲಿಲ್ಲ. ಅಪ್ಪನ ಮೇಲಿನ ಪ್ರೀತಿಗೋ ತನ್ನ ಮೇಲಿನ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಬೆಳಗ್ಗೆ ರಾಮಲಿಂಗಪ್ಪನವರು ಒಂದೇ ಕೈಯಲ್ಲಿ ಸ್ನಾನ ಮಾಡಿ, ಮಣೆಯ ಮೇಲೆ ಕೂತು, ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಪ್ಲಾಸ್ಟರಿನ ಕೈ ಇಟ್ಟರು. ಲಿಂಗ ದೃಷ್ಟಿಯ ಮಟ್ಟಕ್ಕೆ ಬರಬೇಕು. ದಿಂಬು ಅಷ್ಟು ಎತ್ತರವಿರಲಿಲ್ಲ. ತೋಳು ಎತ್ತಿದರು. ಹಸಿದ ತೋಳು, ನಿನ್ನೆಗಿಂತ ಹೆಚ್ಚು ನಡುಗಿತು. ಕರಡಿಗೆಯ ಮುಚ್ಚಳದ ಮೇಲೆ ಬಲಗೈ ಇಟ್ಟವರು ತೆರೆಯಲು ಧೈರ್ಯ ಸಾಲದೆ ಸುಮ್ಮನೆ ಕೂತರು. ಕಣ್ಣಲ್ಲಿ ನೀರು ನಿಂತಿತ್ತು. ಆ ಮನುಷ್ಯ ಅತ್ತದ್ದನ್ನು ತುಂಗಾ ಜಯವ್ವ ಸತ್ತಾಗಲೂ ಕಂಡಿರಲಿಲ್ಲ.

ಅವಳೂ ಸ್ನಾನ ಮಾಡಿದ್ದಳು. ಒದ್ದೆ ಕೂದಲಲ್ಲೇ ಬಂದು ಅವರ ಎಡಪಕ್ಕದಲ್ಲಿ ಮೊಣಕಾಲೂರಿದಳು.

"ಲಿಂಗ ಮುಟ್ಟೂದಿಲ್ರಿ. ಪೂಜಾ ನಿಮ್ಮದು. ಕೈ ಅಷ್ಟೇ ಹಿಡೀತೀನಿ. ಮುರಿದ ಕೈ ಹಿಡಿಯೋದು ನನ್ನ ಕೆಲಸ."

ಅಲ್ಲೇ ನಿಂದ್ರು ಎನ್ನುತ್ತಾರೆಂದು ಕಾದಳು. ಅವರು ಎನ್ನಲಿಲ್ಲ. ಬಾ ಎಂದೂ ಹೇಳಲಿಲ್ಲ. ಅವಳು ಒಂದು ಅಂಗೈಯನ್ನು ಅವರ ಮೊಣಕೈಯ ಕೆಳಗೆ, ಇನ್ನೊಂದನ್ನು ಪ್ಲಾಸ್ಟರಿನ ಕೆಳಗೆ ಕೊಟ್ಟು, ನೋವಾಗದಂತೆ ಮೆಲ್ಲಗೆ ಎತ್ತಿದಳು. ಮೊಣಕೈ ಇಷ್ಟು ಸಣ್ಣದಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ನಡುಕ ಅವಳ ಕೈಗೆ ಇಳಿಯಿತು, ಅಲ್ಲಿ ನಿಂತಿತು.

ಮುಚ್ಚಳ ತೆರೆದುಕೊಂಡಿತು.

ನೀರು ಬಿತ್ತು, ವಿಭೂತಿ ಬಿತ್ತು, ಬಿಲ್ವದ ಎಲೆ ಏರಿತು. ತುಂಗಾ ಕಣ್ಣು ಮುಚ್ಚಿದಳು. ಅನ್ಯದೇವರ ಪೂಜೆಗೆ ಕೈ ಹಚ್ಚಬೇಡಿ ಎಂದು ಪಾಸ್ಟರ್ ವಾಮನರಾಯರು ಎಷ್ಟು ಸಲ ಹೇಳಿದ್ದರೋ. ತಂದೆತಾಯಿಯನ್ನು ಸನ್ಮಾನಿಸು ಎಂದೂ ಅದೇ ಬಾಯಲ್ಲಿ ಹೇಳಿದ್ದರು. ಎರಡನ್ನೂ ಕೂಡಿಸುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. "ಸ್ವಾಮೀ, ನಾನು ಇವರ ಮೊಣಕೈ ಹಿಡಿದಿದ್ದೀನಿ. ಇಷ್ಟೇ ನನಗ ಗೊತ್ತಿರೋದು. ತಪ್ಪಾಗಿದ್ರ ನನ್ನ ಕೇಳು, ಇವರನ್ನ ಕೇಳಬ್ಯಾಡ" ಎಂದಳು ಮನಸ್ಸಿನಲ್ಲಿ. ಭುಜ ಸೋತಿತು, ಮೊಣಕಾಲು ಜೋಮು ಹಿಡಿಯಿತು. ಕೈ ಇಳಿಸಲಿಲ್ಲ. ಮುದುಕರೂ ಅಂದು ಪೂಜೆಯಲ್ಲಿ ಒಂದು ಮಂತ್ರವನ್ನೂ ಬಿಡಲಿಲ್ಲ. ಬಿಡುವ ಪೈಕಿಯೇ ಅವರು?

ಕರಡಿಗೆ ಮತ್ತೆ ಕೊರಳು ಸೇರಿದ ಮೇಲೆ ರಾಮಲಿಂಗಪ್ಪನವರು ಎದ್ದು ಅಡುಗೆಮನೆಗೆ ಹೋದರು. ಸ್ಟೋವು ಹಚ್ಚುವ ಸದ್ದು, ನೀರು ಕುದಿಯುವ ಸದ್ದು, ಹಿಟ್ಟಿನ ಡಬ್ಬಿ ಉರುಳಿದ ಸದ್ದು. ತುಂಗಾ ಹೊರಕೋಣೆಯಲ್ಲೇ ಕೂತಿದ್ದಳು.

"ಏ..." ಎಂದಿತು ಒಳಗಿನ ಧ್ವನಿ. ಸ್ವಲ್ಪ ತಡೆದು, "ಈ ಕೊಣಮಿಗಿ ಹಿಡಿ. ಒಂದು ಕೈಲೆ ಬಡದ್ರ ಅಲ್ಲಾಡತೈತಿ."

ಅವಳು ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನು ಎರಡೂ ಕೈಯಿಂದ ಹಿಡಿದು ಕೂತಳು. ಅಪ್ಪ ಬಲಗೈಯಲ್ಲಿ ಬಡಿದರು. ಹೆಂಚಿಗೆ ಹಾಕುವುದು ಒಂದು ಕೈಯಿಂದಾಗದ ಕೆಲಸ. ಅವರು ರೊಟ್ಟಿಯನ್ನೂ ಹೆಂಚನ್ನೂ ಒಂದು ಗಳಿಗೆ ನೋಡಿದರು.

"ಹಾಕು. ಬೆಂಕಿ ಮುಟ್ಟಿದ್ದಕ್ಕ ಭವಿ ಗಿವಿ ಅನ್ನೂದು ಇಲ್ಲ" ಎಂದರು. ಇದು ಯಾವ ಶಾಸ್ತ್ರದಲ್ಲಿತ್ತೋ ಅವರೇ ಬಲ್ಲರು. ತುಂಗಾ ಕೇಳುವ ಗೋಜಿಗೆ ಹೋಗದೆ ರೊಟ್ಟಿ ಎತ್ತಿ ಹಾಕಿದಳು. ಅದು ಹೆಂಚಿನ ಮೇಲೆ ಎಂದಿನಂತೆ ನಡುವೆ ಸೀಳಿತು.

ಇಷ್ಟು ದಿನ ಅವರು ಒಳಗೆ, ಅವಳು ಹೊರಗೆ ಉಣ್ಣುತ್ತಿದ್ದರು. ಇಂದು ಅವರು ಎರಡು ತಾಟು ತೆಗೆದು ಎದುರುಬದುರು ಇಟ್ಟರು. ಎರಡಕ್ಕೂ ತಾವೇ ರೊಟ್ಟಿ ಹಾಕಿದರು, ಶೇಂಗಾ ಚಟ್ನಿ ಹಾಕಿದರು. ಕೂತ ಕೂಡಲೇ ಮುರಿದು ಚಟ್ನಿಗೆ ಅದ್ದಿ ತುತ್ತು ಎತ್ತಿದರು.

ದಣಿದಿದ್ದಳೋ ಏನೋ, ತಾಟು ಮುಂದೆ ಬಂದದ್ದೇ ತುಂಗಾಳ ಕೈ ಜೋಡಿದವು, ಕಣ್ಣು ಮುಚ್ಚಿದವು. ಮುಚ್ಚಿದ ಮೇಲೆ ನೆನಪಾಯಿತು.  ಈಗ ಬೋಗುಣಿ, ಈಗ ಸೌಟು ಎಂದು ಕಿವಿ ಬಿಗಿ ಹಿಡಿದು ಕಾದಳು. ಏನೂ ಬಡಿಯಲಿಲ್ಲ. ಸ್ಟೋವು ಕೂಡ ಆರಿತ್ತು. ಅವಳು ಮೊದಲು ಹೆದರುತ್ತ, ಆಮೇಲೆ ಹೆದರದೆ, ತುಟಿ ಅಲುಗಿಸಿ, ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಬಹಳ ದಿನದ ಬಾಕಿ ಇತ್ತು, ತಡವಾಯಿತು.

ಕಣ್ಣು ತೆರೆದಾಗ ಅಪ್ಪ ಗೋಡೆಯ ಕಡೆ ನೋಡುತ್ತ ಕೂತಿದ್ದರು. ತುತ್ತು ಹಾಗೇ ಕೈಯಲ್ಲಿತ್ತು. ಚಟ್ನಿ ಬೆರಳಗುಂಟ ಇಳಿದು ಮುಂಗೈಗೆ ಬಂದಿತ್ತು.

"ಆತೇನು?" ಎಂದರು, ಗೋಡೆಯಿಂದ ಕಣ್ಣು ತೆಗೆಯದೆ.

"ಆತ್ರಿ."

ರಾಮಲಿಂಗಪ್ಪನವರು ತುತ್ತನ್ನು ಬಾಯಿಗಿಟ್ಟುಕೊಂಡರು.